ಪಾಸ್‌ವರ್ಡ್ ನೆನಪಿದೆ, ಡಿಸ್ಕ್ ತೆರೆಯುತ್ತಿಲ್ಲ: ಒಂದು ಎನ್‌ಕ್ರಿಪ್ಟೆಡ್ ಹಾರ್ಡ್ ಡಿಸ್ಕಿನ ಪ್ರಕರಣ

ಫೋನ್ ಎತ್ತಿದ ಕೂಡಲೇ ಗೆಳತಿ ಹೇಳಿದ್ದು ಇಷ್ಟು: "ಪಾಸ್‌ವರ್ಡ್ ನನಗೆ ಚೆನ್ನಾಗಿ ನೆನಪಿದೆ. ಆದರೆ ಡಿಸ್ಕ್ ಅದನ್ನು ಕೇಳ್ತಾನೇ ಇಲ್ಲ."

ಆ ಎರಡನೇ ವಾಕ್ಯ ಕೇಳಿ ನನಗೆ ಕೈ ತಣ್ಣಗಾಯಿತು. ಪಾಸ್‌ವರ್ಡ್ ತಪ್ಪಾಗಿದ್ದರೆ ಡಿಸ್ಕ್ ಕೇಳುತ್ತದೆ, ಬೇಡ ಅನ್ನುತ್ತದೆ, ಮತ್ತೆ ಕೇಳುತ್ತದೆ. ಕೇಳುವುದನ್ನೇ ಬಿಟ್ಟಿದೆ ಅಂದರೆ ತಾನು ಬೀಗ ಹಾಕಿದ ಡಿಸ್ಕ್ ಅನ್ನುವ ಗುರುತೇ ಅದರಲ್ಲಿ ಉಳಿದಿಲ್ಲ ಅಂತ ಅರ್ಥ. ಈ ಪ್ರಕರಣವನ್ನು ಮೊದಲಿನಿಂದ ಕೊನೆತನಕ ಬರೆದಿಡುತ್ತಿದ್ದೇನೆ. ಎನ್‌ಕ್ರಿಪ್ಟ್ ಮಾಡಿದ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ ಗೂಢಲಿಪಿಗೆ ತಿರುಗಿಸಿದ ಡಿಸ್ಕ್ ಇಟ್ಟುಕೊಂಡವರಲ್ಲಿ ತುಂಬಾ ಜನ ಪಾಸ್‌ವರ್ಡ್ ಒಂದನ್ನೇ ಕಾಪಾಡುತ್ತಾರೆ. ಅದರಷ್ಟೇ ಜೋಪಾನ ಮಾಡಬೇಕಾದ ಇನ್ನೊಂದು ವಸ್ತು ಇದೆ ಅನ್ನುವುದು ಗೊತ್ತಾಗುವುದು ಅದು ಹೋದ ಮೇಲೆ.

ಡಿಸ್ಕಿನಲ್ಲಿ ಏನಿತ್ತು

ಗೆಳತಿ ಸಂಶೋಧನೆ ಮಾಡುತ್ತಿದ್ದಾಳೆ. ಜನರ ಮನೆಗೆ ಹೋಗಿ, ಗಂಟೆಗಟ್ಟಲೆ ಕೂತು, ಅವರ ಬದುಕಿನ ಕಥೆಯನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡುವ ಕೆಲಸ. "ಈ ದನಿಯನ್ನು ಬೇರೆ ಯಾರೂ ಕೇಳುವುದಿಲ್ಲ" ಎಂದು ಪ್ರತಿಯೊಬ್ಬರಿಗೂ ಬರೆದು ಸಹಿ ಹಾಕಿ ಕೊಟ್ಟಿದ್ದಳು. ಕೆಲವರು ಆ ಕಾಗದ ಓದಿದ ಮೇಲೇ ಬಾಯಿ ಬಿಟ್ಟಿದ್ದರು. ಹಾಗಾಗಿ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದು ಸುಮ್ನೆ ಶೋಕಿಗೆ ಅಲ್ಲ, ಅದು ಕೊಟ್ಟ ಮಾತು.

ಸುಮಾರು 140 ಗಂಟೆ ರೆಕಾರ್ಡಿಂಗ್ ಇತ್ತು. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ. ಆ ಗುಣಮಟ್ಟದಲ್ಲಿ ಒಂದು ಗಂಟೆಗೆ 1 ಜಿಬಿಗಿಂತ ಚೂರು ಜಾಸ್ತಿ ಹಿಡಿಯುತ್ತದೆ, ಒಟ್ಟು 145 ಜಿಬಿ ಅಂದುಕೊಳ್ಳಿ. ಎಲ್ಲವೂ 1 ಟಿಬಿಯ ಒಂದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ. ಒಳಗೆ ತಟ್ಟೆ ತಿರುಗುವ ಹಳೇ ಮಾದರಿಯದು.

ಡಿಸ್ಕನ್ನು ಸಿದ್ಧ ಮಾಡಿಕೊಟ್ಟವನು ನಾನು. ಅವಳ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದೆ, ಆದ್ದರಿಂದ ಅದರಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಲಕ್ಸ್ ಅನ್ನುವ ವಿಧಾನದ ಎರಡನೇ ಆವೃತ್ತಿಯನ್ನು ಆರಿಸಿದೆ. ಅದರೊಳಗೆ ಫೈಲುಗಳನ್ನು ಜೋಡಿಸಿಡಲು ಇಎಕ್ಸ್‌ಟಿ4 ಫೈಲ್ ಸಿಸ್ಟಮ್. ಭಾಗಗಳನ್ನು, ಅಂದರೆ ಪಾರ್ಟಿಷನ್ ಏನೂ ಮಾಡದೆ ಇಡೀ ಡಿಸ್ಕನ್ನೇ ನೇರವಾಗಿ ಲಕ್ಸ್‌ಗೆ ಕೊಟ್ಟಿದ್ದೆ. ಒಂದು ಹೆಜ್ಜೆ ಉಳಿಯಿತು ಅಂದುಕೊಂಡಿದ್ದೆ. ಈ ಪ್ರಕರಣದ ಮೊದಲ ತಪ್ಪು ಅದೇ, ಮತ್ತು ಅದು ನನ್ನದು.

ಒಂದು ಕ್ಲಿಕ್

ಅವತ್ತು ಅವಳು ಕೆಲಸದ ಜಾಗದಲ್ಲಿ ಬೇರೊಬ್ಬರ ವಿಂಡೋಸ್ ಕಂಪ್ಯೂಟರ್‌ಗೆ ಒಂದು ಪೆನ್ ಡ್ರೈವ್ ಹಾಕಬೇಕಿತ್ತು. ಪೆನ್ ಡ್ರೈವೂ ಈ ಡಿಸ್ಕೂ ಒಂದೇ ಯುಎಸ್‌ಬಿ ಹಬ್‌ನಲ್ಲಿದ್ದವು. ಹಬ್ ಚುಚ್ಚಿದಳು. ಪೆನ್ ಡ್ರೈವ್ ಕಾಣಲಿಲ್ಲ, ಅದರ ಕನೆಕ್ಷನ್ ಸಡಿಲವಾಗಿತ್ತು. ಪಕ್ಕದಲ್ಲಿದ್ದವರು ಸಹಾಯ ಮಾಡೋಣ ಅಂತ ವಿಂಡೋಸ್‌ನಲ್ಲಿ ಡಿಸ್ಕುಗಳನ್ನು ನೋಡಿಕೊಳ್ಳುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರು.

ವಿಂಡೋಸ್‌ಗೆ ಲಕ್ಸ್ ಅಂದರೆ ಏನು ಅಂತ ಗೊತ್ತಿಲ್ಲ. ಪಾರ್ಟಿಷನ್ ಪಟ್ಟಿ ಇಲ್ಲದ ಡಿಸ್ಕ್ ಕಂಡರೆ ಅದು ಖಾಲಿ ಡಿಸ್ಕ್ ಅಂದುಕೊಳ್ಳುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದ ಕೂಡಲೇ ಒಂದು ಚಿಕ್ಕ ಕಿಟಕಿ ಎದ್ದು ಬರುತ್ತದೆ: ಈ ಡಿಸ್ಕನ್ನು ಬಳಸುವ ಮೊದಲು ಇನಿಶಿಯಲೈಸ್ ಮಾಡಬೇಕು, ಎಂಬಿಆರ್ ಬೇಕೋ ಜಿಪಿಟಿ ಬೇಕೋ? ಇವೆರಡೂ ಪಾರ್ಟಿಷನ್ ಪಟ್ಟಿ ಬರೆಯುವ ವಿಧಾನಗಳು, ಜಿಪಿಟಿ ಮೊದಲೇ ಆಯ್ಕೆಯಾಗಿತ್ತು. ಪೆನ್ ಡ್ರೈವ್ ಬಗ್ಗೆಯೇ ಕೇಳುತ್ತಿದೆ ಎಂದುಕೊಂಡು ಅವರು ಓಕೆ ಒತ್ತಿದರು.

ಆ ಕಿಟಕಿಯಲ್ಲಿ "ಡೇಟಾ ಅಳಿಸಿಹೋಗುತ್ತದೆ" ಅನ್ನುವ ಕೆಂಪು ಎಚ್ಚರಿಕೆ ಇರುವುದಿಲ್ಲ. ಅದಕ್ಕೇ ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಅವರು ಒಂದು ದೊಡ್ಡ ಉಪಕಾರವನ್ನೂ ಮಾಡಿದರು. 931 ಜಿಬಿ ಅನ್ನುವ ಅಂಕಿ ಕಂಡ ತಕ್ಷಣ "ಇದು ಪೆನ್ ಡ್ರೈವ್ ಅಲ್ಲ ಅಲ್ವಾ?" ಎಂದು ಅಲ್ಲಿಗೇ ಕೈ ಬಿಟ್ಟರು. ಹೊಸ ವಾಲ್ಯೂಮ್ ಮಾಡಲಿಲ್ಲ, ಫಾರ್ಮ್ಯಾಟ್ ಮಾಡಲಿಲ್ಲ. ಮುಂದಿನ ಕಥೆ ಉಳಿದಿದ್ದು ಅದರಿಂದ.

ಬೀಗ ಎಲ್ಲಿದೆ, ಕೀಲಿ ಎಲ್ಲಿದೆ

ಹಾನಿ ಎಷ್ಟಾಯಿತು ಅಂತ ತಿಳಿಯಬೇಕಾದರೆ ಇಂಥ ಡಿಸ್ಕ್ ಒಳಗೆ ಹೇಗಿರುತ್ತದೆ ಅಂತ ನೋಡಬೇಕು.

ನಾವು ಟೈಪ್ ಮಾಡುವ ಪಾಸ್‌ವರ್ಡ್‌ನಿಂದ ಫೈಲುಗಳು ಎನ್‌ಕ್ರಿಪ್ಟ್ ಆಗುವುದಿಲ್ಲ. ಡಿಸ್ಕ್ ಸಿದ್ಧ ಮಾಡುವಾಗ ಕಂಪ್ಯೂಟರ್ ತಾನೇ ಒಂದು ದೊಡ್ಡ ರ‍್ಯಾಂಡಮ್ ಸಂಖ್ಯೆ ಹುಟ್ಟಿಸುತ್ತದೆ. ಅದೇ ವಾಲ್ಯೂಮ್ ಕೀ. ನಮ್ಮ ಡಿಸ್ಕಿನಲ್ಲಿ ಅದು 512 ಬಿಟ್, ಅಂದರೆ 64 ಬೈಟ್. ಎಲ್ಲ ಫೈಲುಗಳಿಗೂ ಬೀಳುವ ಬೀಗ ಅದರದ್ದು. ನಮ್ಮ ಪಾಸ್‌ವರ್ಡ್ ಮಾಡುವ ಕೆಲಸ ಒಂದೇ: ಆ ವಾಲ್ಯೂಮ್ ಕೀಯನ್ನು ಮುಚ್ಚಿಟ್ಟ ಪೆಟ್ಟಿಗೆಯನ್ನು ತೆರೆಯುವುದು. ಆ ಪೆಟ್ಟಿಗೆಗೆ ಕೀಸ್ಲಾಟ್ ಅನ್ನುತ್ತಾರೆ. ಲಕ್ಸ್ ಮೊದಲ ಆವೃತ್ತಿಯಲ್ಲಿ 8 ಸ್ಲಾಟ್ ಇದ್ದವು, ಎರಡನೆಯದರಲ್ಲಿ 32ರ ತನಕ ಇಡಬಹುದು. ಪಾಸ್‌ವರ್ಡ್ ಬದಲಾಯಿಸಿದರೆ ಇಡೀ ಡಿಸ್ಕ್ ಮತ್ತೆ ಬರೆಯಬೇಕಾಗಿಲ್ಲ, ಪೆಟ್ಟಿಗೆಯ ಬೀಗ ಮಾತ್ರ ಬದಲಾಗುತ್ತದೆ. ಅದಕ್ಕೇ ಅದು ಕೆಲವೇ ಸೆಕೆಂಡಿನ ಕೆಲಸ.

ಈ ಸ್ಲಾಟ್‌ಗಳೂ ಅವುಗಳ ವಿವರಗಳೂ ಸೇರಿ ಡಿಸ್ಕಿನ ತಲೆಯಲ್ಲಿ ಕೂತಿರುತ್ತವೆ. ಅದೇ ಹೆಡರ್. ಸಾಮಾನ್ಯವಾಗಿ ಮೊದಲ 16 ಎಂಬಿ ಜಾಗ ಇದಕ್ಕೆ ಮೀಸಲು. 1 ಟಿಬಿ ಡಿಸ್ಕಿನಲ್ಲಿ 16 ಎಂಬಿ ಎಷ್ಟು ಚಿಕ್ಕದು ಯೋಚಿಸಿ. ಅದು ಹೋದರೆ ಪಾಸ್‌ವರ್ಡ್ ಕಂಠಪಾಠ ಇದ್ದರೂ ಉಳಿದ ಡಿಸ್ಕ್ ಬರೀ ಗದ್ದಲ.

ಇದರಲ್ಲಿ ಸ್ಲಾಟ್‌ನ ಒಳಗಿನ ರಚನೆ ಇನ್ನೂ ಸೂಕ್ಷ್ಮ. 64 ಬೈಟ್‌ನ ಕೀಯನ್ನು ಹಾಗೇ ಇಡುವುದಿಲ್ಲ, ತಲಾ 64 ಬೈಟ್‌ನ 4000 ತುಂಡುಗಳಾಗಿ ಹರಡಿ 2,56,000 ಬೈಟ್ ಮಾಡುತ್ತಾರೆ. ಎಲ್ಲ ತುಂಡೂ ಸರಿಯಾಗಿದ್ದರೆ ಮಾತ್ರ ಕೀ ಮರಳಿ ಸಿಗುತ್ತದೆ. ಬೇಕು ಅಂತ ಹೀಗೆ ಮಾಡಿರುವುದು: ಸ್ಲಾಟ್ ಅಳಿಸಿದಾಗ ಅದರ ಚೂರುಪಾರು ಎಲ್ಲೋ ಉಳಿದರೂ ಕಳ್ಳನಿಗೆ ಅದರಿಂದ ಪ್ರಯೋಜನ ಆಗಬಾರದು. ಆದರೆ ಅಪಘಾತವಾದಾಗ ಅದೇ ಗುಣ ನಮಗೇ ತಿರುಗುತ್ತದೆ. ಸ್ಲಾಟ್ ಜಾಗಕ್ಕೆ ಒಂದೇ ಒಂದು ಸೆಕ್ಟರ್ (ಡಿಸ್ಕ್ ಬರೆಯುವ 512 ಬೈಟ್‌ನ ಒಂದು ಘಟಕ) ಕಸ ಬಿದ್ದರೂ ಆ ಸ್ಲಾಟ್ ಮುಗಿಯಿತು.

ಒಂದು ಕಿಲೋಬೈಟ್

ಡಿಸ್ಕ್ ನನ್ನ ಕೈಗೆ ಬಂದಾಗ ಮೊದಲು ಅದನ್ನು ಓದಲು ಮಾತ್ರ ಆಗುವ ಹಾಗೆ ಮಾಡಿದೆ. ಆಮೇಲೆ ಹೆಕ್ಸ್ ರೂಪದಲ್ಲಿ ಡಿಸ್ಕಿನ ಮೊದಲ ಭಾಗವನ್ನು ತೆರೆದು ನೋಡಿದೆ. ಎಡಕ್ಕೆ ಅಂಕಿಗಳ ಸಾಲು, ಬಲಕ್ಕೆ ಅದೇ ಬೈಟ್‌ಗಳು ಅಕ್ಷರಗಳಾಗಿ.

ಲಕ್ಸ್ ಎರಡನೇ ಆವೃತ್ತಿ ಹೆಡರ್ ವಿವರಗಳನ್ನು ಎರಡು ಪ್ರತಿ ಇಡುತ್ತದೆ. ಮೊದಲ ಪ್ರತಿ ಡಿಸ್ಕಿನ ಆರಂಭದಿಂದ 16 ಕೆಬಿ ತನಕ. ಅದರ ಮೊದಲ ನಾಲ್ಕು ಅಕ್ಷರ ಎಲ್, ಯು, ಕೆ, ಎಸ್. ಅಲ್ಲಿಂದ ಮುಂದಿನ 16 ಕೆಬಿ ಎರಡನೇ ಪ್ರತಿ. ಒಂದು ಪ್ರತಿಯನ್ನು ಇನ್ನೊಂದು ಅಂತ ತಪ್ಪು ತಿಳಿಯದಿರಲಿ ಅಂತ ಅದರ ಆರಂಭದಲ್ಲಿ ಅಕ್ಷರಗಳನ್ನು ತಿರುಗಿಸಿ ಬರೆದಿರುತ್ತಾರೆ: ಎಸ್, ಕೆ, ಯು, ಎಲ್. ನಾನು ಹುಡುಕುತ್ತಿದ್ದದ್ದು ಆ ನಾಲ್ಕು ಅಕ್ಷರ. ಅದು ಸಿಕ್ಕರೆ ರಿಪೇರಿ ಕಮಾಂಡ್ ಒಂದರಲ್ಲೇ ಕೆಲಸ ಆಗುತ್ತಿತ್ತು.

ಮೊದಲ ಪ್ರತಿ ಹೋಗಿತ್ತು. ಎರಡನೇ ಸೆಕ್ಟರ್‌ನಲ್ಲಿ ಜಿಪಿಟಿಯ ಸಹಿ ಕಣ್ಣಿಗೆ ಹೊಡೆಯುವ ಹಾಗೆ ಕೂತಿತ್ತು. ಕೆಳಕ್ಕೆ ಇಳಿದೆ. ಬಹುಪಾಲು ಸೊನ್ನೆಗಳು. 16 ಕೆಬಿ ಗುರುತಿಗೆ ಬಂದೆ. ಅಲ್ಲೂ ಸೊನ್ನೆಗಳು.

ಲೆಕ್ಕ ಹಾಕಿದರೆ ಕಾರಣ ಸರಳ. ಜಿಪಿಟಿಗೆ ಡಿಸ್ಕಿನ ಆರಂಭದಲ್ಲಿ 34 ಸೆಕ್ಟರ್ ಬೇಕು: ಒಂದು ರಕ್ಷಣೆಯ ಎಂಬಿಆರ್, ಒಂದು ಜಿಪಿಟಿ ಹೆಡರ್, 32 ಸೆಕ್ಟರ್ ಪಾರ್ಟಿಷನ್ ಪಟ್ಟಿ. ಒಂದು ಸೆಕ್ಟರ್ 512 ಬೈಟ್, ಒಟ್ಟು 17 ಕೆಬಿ. ಎರಡನೇ ಪ್ರತಿ ಶುರುವಾಗುವುದು 16 ಕೆಬಿಯಲ್ಲಿ. ಒಂದೇ ಒಂದು ಕಿಲೋಬೈಟ್ ಅದರ ಮೇಲೆ ಹರಿದಿತ್ತು, ಮತ್ತು ಆ ನಾಲ್ಕು ಅಕ್ಷರಗಳು ಇದ್ದದ್ದು ಅದೇ ಕಿಲೋಬೈಟಿನಲ್ಲಿ. ಅವತ್ತು ಎಂಬಿಆರ್ ಆರಿಸಿದ್ದರೆ ಬರೀ ಮೊದಲ 512 ಬೈಟ್ ಹೋಗುತ್ತಿತ್ತು, ಎರಡನೇ ಪ್ರತಿ ಉಳಿಯುತ್ತಿತ್ತು.

ಇನ್ನೂ ಕೆಳಕ್ಕೆ ಹೋದೆ. 20 ಕೆಬಿ ದಾಟುತ್ತಿದ್ದ ಹಾಗೆ ಬಲಗಡೆಯ ಕಾಲಂನಲ್ಲಿ ಓದಲು ಬರುವ ಪಠ್ಯ ಕಾಣಿಸಿತು: ಸುರುಳಿ ಆವರಣ, ಉದ್ಧರಣ ಚಿಹ್ನೆ, ಕೀಸ್ಲಾಟ್ಸ್ ಅನ್ನುವ ಪದ. ಎರಡನೇ ಪ್ರತಿಯ ವಿವರಗಳ ಭಾಗ ಉಳಿದಿತ್ತು! 32 ಕೆಬಿಯಿಂದ ಶುರುವಾಗುವ ಸ್ಲಾಟ್ ಜಾಗದಲ್ಲಿ ಅರ್ಥವಿಲ್ಲದ ಬೈಟ್‌ಗಳು ಒತ್ತೊತ್ತಾಗಿ ತುಂಬಿದ್ದವು. ಅದು ಹಾಗೇ ಇರಬೇಕು. ಸೊನ್ನೆ ಕಂಡಿದ್ದರೆ ಅಳಬೇಕಾಗುತ್ತಿತ್ತು. ಗೆಳತಿಗೆ ಫೋನ್ ಮಾಡಿ ಹೇಳಿದೆ, ಸತ್ತಿಲ್ಲ, ಉಸಿರಿದೆ ಅಂತ.

ಮೊದಲು ನಕಲು

ಇಂಥ ಹೊತ್ತಿನಲ್ಲಿ ಕೈ ತುರಿಸುತ್ತದೆ. ಆ ಟೂಲ್, ಈ ಟೂಲ್ ಎಲ್ಲ ಹಾಕಿ ನೋಡೋಣ ಅನಿಸುತ್ತದೆ. ದಯವಿಟ್ಟು ಬೇಡ. ಪಾರ್ಟಿಷನ್ ಹುಡುಕಿಕೊಡುವ ಟೂಲ್‌ಗಳಿಗೆ ಎನ್‌ಕ್ರಿಪ್ಟ್ ಆದ ಡಿಸ್ಕಿನಲ್ಲಿ ಹುಡುಕಲು ಏನೂ ಇರುವುದಿಲ್ಲ. ಅವು ಇಲ್ಲದ್ದನ್ನು ಊಹಿಸಿ ಬರೆದರೆ ಉಳಿದದ್ದೂ ಹೋಗುತ್ತದೆ.

ಡಿಡಿರೆಸ್ಕ್ಯೂ ಅನ್ನುವ ನಕಲು ತೆಗೆಯುವ ಟೂಲ್ ಹಾಕಿ ಇಡೀ ಡಿಸ್ಕಿನ ನಕಲು ತೆಗೆದೆ. ಸೆಕೆಂಡಿಗೆ 100 ಎಂಬಿಯ ಹತ್ತಿರ ವೇಗ, ಮೂರು ಗಂಟೆಯ ಒಳಗೆ ಮುಗಿಯಿತು. ನಕಲಿನಲ್ಲಿ ಇರುವುದೂ ಎನ್‌ಕ್ರಿಪ್ಟ್ ಆದ ಬೈಟ್‌ಗಳೇ. ಆದ್ದರಿಂದ ಅದು ನನ್ನ ಡಿಸ್ಕಿನಲ್ಲಿ ಇದ್ದರೂ ಆ ದನಿಗಳು ನನಗೆ ಕೇಳುವುದಿಲ್ಲ. ಗೆಳತಿ ಕೊಟ್ಟ ಮಾತು ಮುರಿಯಲಿಲ್ಲ. ಮೂಲ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಮುಂದಿನ ಪ್ರಯೋಗ ಎಲ್ಲ ನಕಲಿನ ಮೇಲೆ.

ಲಕೋಟೆ

ಡಿಸ್ಕ್ ಮಾಡಿಕೊಟ್ಟ ದಿನವೇ ನಾನು ಹೆಡರ್‌ನ ಬ್ಯಾಕಪ್ ತೆಗೆದಿದ್ದೆ. ಲಕ್ಸ್ ಡಿಸ್ಕುಗಳನ್ನು ನಿಭಾಯಿಸುವ ಕ್ರಿಪ್ಟ್‌ಸೆಟಪ್‌ನಲ್ಲಿ ಅದಕ್ಕೆ ಒಂದೇ ಕಮಾಂಡ್ ಸಾಕು, 16 ಎಂಬಿಯ ಒಂದು ಫೈಲ್ ಸಿಗುತ್ತದೆ. ಅದನ್ನು ಒಂದು ಹಳೇ ಪೆನ್ ಡ್ರೈವ್‌ಗೆ ಹಾಕಿ, ಲಕೋಟೆಯಲ್ಲಿಟ್ಟು, ಪಾಸ್‌ವರ್ಡ್ ಬರೆದ ಚೀಟಿಯ ಜೊತೆ ಅವಳ ಕೈಗೆ ಕೊಟ್ಟಿದ್ದೆ. ಆ ಫೈಲಿನ ಇನ್ನೊಂದು ಪ್ರತಿಯನ್ನು ಅವಳು ಅದೇ ಡಿಸ್ಕಿನ ಒಳಗೂ ಇಟ್ಟುಕೊಂಡಿದ್ದಳು. ಮನೆಯ ಕೀಲಿಯನ್ನು ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ, ಅದು ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ಪುಣ್ಯಕ್ಕೆ ಲಕೋಟೆ ಸಿಕ್ಕಿತು. ಪೆನ್ ಡ್ರೈವೂ ಓದಿತು.

ಇಲ್ಲಿ ಒಂದು ಒಳ್ಳೆಯ ಉಪಾಯ ಇದೆ. ಬ್ಯಾಕಪ್ ಹೆಡರನ್ನು ಕೂಡಲೇ ಡಿಸ್ಕಿಗೆ ಬರೆಯಬೇಕಾಗಿಲ್ಲ. ಹೆಡರ್ ಬೇರೆ ಫೈಲ್‌ನಲ್ಲಿದೆ, ಡೇಟಾ ಮಾತ್ರ ಈ ಡಿಸ್ಕಿನಲ್ಲಿದೆ ಎಂದು ಕ್ರಿಪ್ಟ್‌ಸೆಟಪ್‌ಗೆ ಹೇಳಿ, ಓದಲು ಮಾತ್ರ ಅಂತ ತೆರೆಯಬಹುದು. ಡಿಸ್ಕಿನ ಮೇಲೆ ಒಂದು ಬೈಟ್ ಕೂಡ ಬದಲಾಗದೆ ಎಲ್ಲ ಸರಿಯಿದೆಯಾ ಅಂತ ಗೊತ್ತಾಗುತ್ತದೆ.

ಗೆಳತಿ ಬಂದು ಪಾಸ್‌ವರ್ಡ್ ಟೈಪ್ ಮಾಡಿದಳು. ಎರಡು ಸೆಕೆಂಡ್ ಕಾದೆವು. ಈ ಪಾಸ್‌ಫ್ರೇಸ್‌ಗೆ ಯಾವ ಕೀಯೂ ಇಲ್ಲ ಅಂತ ಉತ್ತರ ಬಂತು. ಇನ್ನೊಮ್ಮೆ, ನಿಧಾನವಾಗಿ ಟೈಪ್ ಮಾಡಿದಳು. ಅದೇ ಉತ್ತರ. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

"ಪಾಸ್‌ವರ್ಡ್ ಯಾವಾಗಾದರೂ ಬದಲಾಯಿಸಿದ್ದೆಯಾ?" ಎಂದು ಕೇಳಿದೆ.

ಬದಲಾಯಿಸಿದ್ದಳು. ಒಂದು ಸಲ ತುರ್ತಾಗಿ ಫೋನಿನಲ್ಲಿ ಯಾರಿಗೋ ಪಾಸ್‌ವರ್ಡ್ ಹೇಳಬೇಕಾಗಿ ಬಂದಿತ್ತು. ಕೆಲಸ ಮುಗಿದ ಮೇಲೆ ಹೊಸದು ಇಟ್ಟು, ಹಳೇ ಚೀಟಿ ಹರಿದು ಹಾಕಿ, ಲಕೋಟೆಯಲ್ಲಿ ಹೊಸ ಚೀಟಿ ಇಟ್ಟಿದ್ದಳು. ಎಲ್ಲರೂ ಹೇಳುವ ಬುದ್ಧಿಮಾತನ್ನೇ ಅವಳು ಪಾಲಿಸಿದ್ದು. ಆದರೆ ಪೆನ್ ಡ್ರೈವ್‌ನಲ್ಲಿದ್ದ ಹೆಡರ್ ಮೊದಲ ದಿನದ್ದು. ಅದರ ಸ್ಲಾಟಿಗೆ ಹಾಕಿದ್ದು ಹಳೇ ಪಾಸ್‌ವರ್ಡ್‌ನ ಬೀಗ. ಹೊಸ ಚೀಟಿಯೂ ಹಳೇ ಹೆಡರೂ ಒಂದೇ ಲಕೋಟೆಯಲ್ಲಿದ್ದವು, ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಪಾಸ್‌ವರ್ಡ್ ಬದಲಾದರೆ ಹೆಡರ್ ಬ್ಯಾಕಪ್ಪನ್ನೂ ಹೊಸದಾಗಿ ತೆಗೆಯಬೇಕು ಅಂತ ನಾನು ಅವಳಿಗೆ ಹೇಳಿರಲಿಲ್ಲ. ಈ ಪ್ರಕರಣದ ಎರಡನೇ ತಪ್ಪು ಅದು. ಅದೂ ನನ್ನದೇ.

ಒಂದು ಸಮಾಧಾನ ಇತ್ತು. ಪಾಸ್‌ವರ್ಡ್ ಬದಲಾದರೂ ವಾಲ್ಯೂಮ್ ಕೀ ಬದಲಾಗುವುದಿಲ್ಲ ಅಲ್ವಾ? ಹಳೇ ಹೆಡರನ್ನು ಹಳೇ ಪಾಸ್‌ವರ್ಡ್‌ನಿಂದ ತೆರೆದರೆ ಅದೇ ಕೀ ಸಿಗುತ್ತದೆ, ಮತ್ತು ಆ ಕೀ ಇವತ್ತಿನ ಫೈಲುಗಳನ್ನೂ ತೆರೆಯುತ್ತದೆ. ಬೇಕಾಗಿದ್ದದ್ದು ಹಳೇ ಪಾಸ್‌ವರ್ಡ್.

ಆರು ಪದ

ಹಳೇ ಪಾಸ್‌ವರ್ಡ್ ಆರು ಕನ್ನಡ ಪದಗಳ ಸಾಲು. ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಅಡ್ಡಗೆರೆ ಹಾಕಿ ಬರೆದದ್ದು. ಕನ್ನಡ ಲಿಪಿಯಲ್ಲೇ ಇಡಬೇಡ ಎಂದು ನಾನು ಹೇಳಿದ್ದೆ, ಅದಕ್ಕೆ ಕಾರಣ ಇದೆ. ಎಲ್ಲ ಕಂಪ್ಯೂಟರ್‌ನಲ್ಲೂ ಕನ್ನಡ ಕೀಲಿಮಣೆ ಇರುವುದಿಲ್ಲ. ಅದು ಇದ್ದರೂ ಕಣ್ಣಿಗೆ ಒಂದೇ ಥರ ಕಾಣುವ ಅಕ್ಷರ ಒಳಗೆ ಬೇರೆ ಬೇರೆ ಬೈಟ್ ಆಗಿರಬಹುದು. ಯೂನಿಕೋಡ್‌ನಲ್ಲಿ ಓತ್ವದ ದೀರ್ಘ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳು ಬೇರೆ. ಒಂದು ಬೈಟ್ ಆಚೀಚೆ ಆದರೂ ಪಾಸ್‌ವರ್ಡ್ ತಪ್ಪು.

ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಬೇರೆ ತಾಪತ್ರಯ. ಗೆಳತಿಗೆ ಆರು ಪದವೂ ನೆನಪಿದ್ದವು. ಕ್ರಮ ಮರೆತಿತ್ತು, ಹೊಸ ಪಾಸ್‌ವರ್ಡ್ ಹಳೆಯದರ ಜೊತೆ ಕಲಸಿಹೋಗಿತ್ತು. ಜೊತೆಗೆ ಒಂದು ಪದದಲ್ಲಿ ದೀರ್ಘ ‘ಈ’ ಇತ್ತು. ಅದಕ್ಕೆ ಇಂಗ್ಲಿಷಿನ ‘ಇ’ಯನ್ನು ಎರಡು ಸಲ ಒತ್ತಿದ್ದಳೋ, ಒಂದು ‘ಐ’ ಹಾಕಿದ್ದಳೋ? ಇನ್ನೊಂದು ಪದದಲ್ಲಿ ‘ತ’ ಇತ್ತು. ಬರೀ ‘ಟಿ’ಯೋ, ಜೊತೆಗೆ ‘ಎಚ್’ ಕೂಡ ಇತ್ತೋ? ನಾವು ದಿನಾ ಚಾಟ್‌ನಲ್ಲಿ ಒಂದೇ ಪದವನ್ನು ಮೂರು ಥರ ಬರೆಯುತ್ತೇವೆ, ಓದುವವರಿಗೆ ಅರ್ಥವಾಗುತ್ತದೆ. ಡಿಸ್ಕಿಗೆ ಅರ್ಥವಾಗುವುದಿಲ್ಲ.

ಲೆಕ್ಕ ಹಾಕಿದೆವು. ಆರು ಪದಗಳನ್ನು 720 ರೀತಿ ಜೋಡಿಸಬಹುದು. ಎರಡು ಪದಗಳಿಗೆ ಎರಡೆರಡು ಕಾಗುಣಿತ, ಅಂದರೆ ನಾಲ್ಕು ಪಟ್ಟು. ಒಟ್ಟು 2880. ಲಕ್ಸ್ ಪ್ರತಿ ಸಲ ಪಾಸ್‌ವರ್ಡನ್ನು ಆರ್ಗಾನ್2 ಅನ್ನುವ ವಿಧಾನದಲ್ಲಿ ಅರೆಯುತ್ತದೆ. 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದ ವಿಧಾನ ಅದು. ಬೇಕು ಅಂತಲೇ ನಿಧಾನ ಮಾಡಿರುತ್ತಾರೆ, ಒಂದು ಪ್ರಯತ್ನಕ್ಕೆ ಸುಮಾರು ಎರಡು ಸೆಕೆಂಡ್. ಮೆಮೊರಿಯನ್ನೂ 1 ಜಿಬಿಯ ತನಕ ತಿನ್ನುತ್ತದೆ, ಆದ್ದರಿಂದ ಒಂದೇ ಸಲಕ್ಕೆ ಸಾವಿರ ಪಾಸ್‌ವರ್ಡ್ ಪರೀಕ್ಷಿಸುವುದು ಕಷ್ಟ. ನಮಗೆ 2880 ಸಲಕ್ಕೆ ಜಾಸ್ತಿ ಅಂದರೆ 96 ನಿಮಿಷ. ಇದು ಆಗುವ ಮಾತು.

ಪದಗಳನ್ನು ಅವಳೇ ಟೈಪ್ ಮಾಡಿದಳು. ಅವು ಡಿಸ್ಕಿನಲ್ಲಿ ಎಲ್ಲೂ ಉಳಿಯದ ಹಾಗೆ, ಕಂಪ್ಯೂಟರ್ ಆಫ್ ಮಾಡಿದರೆ ಹೋಗುವ ರ‍್ಯಾಮ್ ಜಾಗದಲ್ಲಿ ಇಟ್ಟೆವು. ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು, ಹೆಡರ್ ಫೈಲಿನ ನಕಲಿನ ಮೇಲೆ ಪಾಸ್‌ಫ್ರೇಸ್ ಪರೀಕ್ಷೆ ಮಾತ್ರ ಮಾಡುವ ಆಯ್ಕೆ ಹಾಕಿ ಓಡಿಸಿದೆ. ಪರದೆಯ ಮೇಲೆ ಎರಡು ಸೆಕೆಂಡಿಗೊಂದು ಸಂಖ್ಯೆ. 100. 300. 700. ಅವಳು ಎದ್ದು ಕಿಟಕಿ ಹತ್ತಿರ ಹೋದಳು, ವಾಪಸ್ ಬಂದು ಕೂತಳು. 1200 ದಾಟಿ ಸ್ವಲ್ಪ ಹೊತ್ತಿಗೆ ಸಂಖ್ಯೆ ನಿಂತಿತು. ನಲವತ್ತು ನಿಮಿಷದ ಮೇಲೆ ಒಂದು ನಿಮಿಷ ಆಗಿತ್ತು. ‘ತ’ಕ್ಕೆ ‘ಎಚ್’ ಇತ್ತು.

ಇನ್ನೊಂದು ಲೆಕ್ಕವನ್ನೂ ಹೇಳಲೇಬೇಕು. ಆರರಲ್ಲಿ ಒಂದೇ ಒಂದು ಪದ ಮರೆತಿದ್ದರೆ? ಅದು ದಾಳ ಎಸೆದು ಪದ ಆರಿಸುವ ಡೈಸ್‌ವೇರ್ ಥರದ 7776 ಪದಗಳ ಪಟ್ಟಿಯಿಂದ ಬಂದದ್ದು ಅಂದುಕೊಳ್ಳಿ. ಕಾಗುಣಿತ ಎಲ್ಲ ಸರಿ ಇದ್ದು, ಕ್ರಮ ಮಾತ್ರ ಗೊತ್ತಿಲ್ಲದಿದ್ದರೆ 7776ಕ್ಕೆ 720ರ ಗುಣಾಕಾರ. ಎರಡು ಸೆಕೆಂಡಿನಂತೆ ಎಲ್ಲವನ್ನೂ ನೋಡಿ ಮುಗಿಸಲು ಸುಮಾರು 130 ದಿನ. ಎರಡು ಪದ ಮರೆತಿದ್ದರೆ ಆ ಕೆಲಸ ಶುರು ಮಾಡುವುದರಲ್ಲೂ ಅರ್ಥವಿಲ್ಲ. ಡಿಸ್ಕ್ ಕದ್ದವನ ಮುಂದೆ ಇರುವ ಗೋಡೆ ಎಷ್ಟು ಎತ್ತರ ಅನ್ನುವುದೂ ಇದೇ ಲೆಕ್ಕದಲ್ಲಿ ಕಾಣುತ್ತದೆ.

ತೆರೆದಾಗ

ನಕಲು ತೆರೆಯಿತು. ಫೈಲ್ ಸಿಸ್ಟಮ್ ತಪಾಸಣೆಯನ್ನು ಏನೂ ತಿದ್ದದ ಹಾಗೆ ಓಡಿಸಿದೆ, ದೂರು ಬರಲಿಲ್ಲ. ಓದಲು ಮಾತ್ರ ಅಂತ ಮೌಂಟ್ ಮಾಡಿದೆ, ಅಂದರೆ ಕಂಪ್ಯೂಟರ್‌ಗೆ ಫೈಲುಗಳು ಕಾಣುವ ಹಾಗೆ ಜೋಡಿಸಿದೆ. ಫೋಲ್ಡರ್‌ಗಳ ಹೆಸರು ಕಂಡವು. ಅವಳು ಒಂದು ರೆಕಾರ್ಡಿಂಗ್ ತೆರೆದು, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಿದಳು. ನಾನು ಆ ಕಡೆ ತಿರುಗಿ ಕೂತೆ.

ಒಂದು ಅನುಮಾನ ಉಳಿದಿತ್ತು. ಜಿಪಿಟಿ ತನ್ನ ಪಟ್ಟಿಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ಬಾಲದಲ್ಲೂ ಬರೆಯುತ್ತದೆ, ಕೊನೆಯ 33 ಸೆಕ್ಟರ್. ಅಲ್ಲಿದ್ದದ್ದು ನಮ್ಮ ಎನ್‌ಕ್ರಿಪ್ಟೆಡ್ ಡೇಟಾ. ಅಷ್ಟು ಜಾಗ ಮಾತ್ರ ಯಾವ ಹೆಡರ್‌ನಿಂದಲೂ ವಾಪಸ್ ಬರುವುದಿಲ್ಲ. ಇಎಕ್ಸ್‌ಟಿ4ರ ಲೆಕ್ಕದಲ್ಲಿ ಅದು ಕೊನೆಯ 5 ಬ್ಲಾಕ್. ನೋಡಿದೆ. ಐದೂ ಖಾಲಿ. ಡಿಸ್ಕ್ ಅರ್ಧವೂ ತುಂಬಿರಲಿಲ್ಲ, ಬಾಲದ ತನಕ ಯಾವ ಫೈಲೂ ಹೋಗಿರಲಿಲ್ಲ. 140 ಗಂಟೆಯಲ್ಲಿ ಒಂದು ಸೆಕೆಂಡೂ ಕಳೆದುಹೋಗಲಿಲ್ಲ.

ಇದು ತಟ್ಟೆ ಇಲ್ಲದೆ ಚಿಪ್‌ಗಳಲ್ಲಿ ಬರೆಯುವ ಎಸ್‌ಎಸ್‌ಡಿ ಆಗಿದ್ದು, ಯಾರಾದರೂ ಕ್ವಿಕ್ ಫಾರ್ಮ್ಯಾಟ್ ಕೂಡ ಮಾಡಿದ್ದರೆ ಕಥೆ ಬೇರೆ. ಫಾರ್ಮ್ಯಾಟ್ ಮಾಡುವಾಗ ವಿಂಡೋಸ್ ಎಸ್‌ಎಸ್‌ಡಿಗೆ ಟ್ರಿಮ್ ಕಳಿಸಬಹುದು, ಅಂದರೆ ಈ ಜಾಗ ಎಲ್ಲ ಇನ್ನು ಬೇಡ ಅನ್ನುವ ಸೂಚನೆ. ಅದಾದ ಮೇಲೆ ಹೆಡರ್ ಬ್ಯಾಕಪ್ ಕೈಯಲ್ಲಿದ್ದರೂ ತೆರೆಯಲು ಒಳಗೆ ಏನೂ ಉಳಿದಿರುವುದಿಲ್ಲ.

ಈಗ ಹೇಗಿದೆ

ಹಳೇ ಡಿಸ್ಕಿಗೆ ಹೆಡರ್ ವಾಪಸ್ ಬರೆದು ಮುಂದುವರಿಸಬಹುದಿತ್ತು. ಬೇಡ ಅನಿಸಿತು. ಹೊಸ ಡಿಸ್ಕ್ ತಂದು ಮೊದಲಿನಿಂದ ಮಾಡಿದೆವು.

ಈ ಸಲ ಮೊದಲು ಜಿಪಿಟಿ ಪಟ್ಟಿ, ಅದರಲ್ಲಿ ಒಂದು ಪಾರ್ಟಿಷನ್, ಲಕ್ಸ್ ಅದರ ಒಳಗೆ. ಪಾರ್ಟಿಷನ್‌ನ ಪ್ರಕಾರವನ್ನು ಲಿನಕ್ಸ್ ಲಕ್ಸ್ ಎಂದೇ ಗುರುತು ಮಾಡಿದೆ. ಈ ಗುರುತು ತುಂಬಾ ಮುಖ್ಯ. ಸಾಮಾನ್ಯ ಡೇಟಾ ಅನ್ನುವ ಗುರುತಿದ್ದರೆ ವಿಂಡೋಸ್ ಅದಕ್ಕೊಂದು ಡ್ರೈವ್ ಅಕ್ಷರ ಕೊಟ್ಟು, ಒಳಗೆ ಓದಲು ಆಗದೆ, ಫಾರ್ಮ್ಯಾಟ್ ಮಾಡಲಾ ಎಂದು ಕೇಳುತ್ತದೆ. ಲಿನಕ್ಸ್ ಗುರುತಿದ್ದರೆ ಅಕ್ಷರವನ್ನೂ ಕೊಡುವುದಿಲ್ಲ, ಏನನ್ನೂ ಕೇಳುವುದಿಲ್ಲ. ಇನಿಶಿಯಲೈಸ್ ಕಿಟಕಿಯೂ ಬರುವುದಿಲ್ಲ, ಯಾಕೆಂದರೆ ಪಟ್ಟಿ ಮೊದಲೇ ಇದೆ.

ಎರಡನೇ ಡಿಸ್ಕ್ ಒಂದನ್ನೂ ತಂದಳು. ಇಷ್ಟು ದಿನ ಎನ್‌ಕ್ರಿಪ್ಟ್ ಆಗಿದೆ ಅಂದರೆ ಭದ್ರವಾಗಿದೆ ಎಂದುಕೊಂಡಿದ್ದಳು. ಕಳ್ಳನಿಂದ ಭದ್ರ ಹೌದು. ಕೈತಪ್ಪಿ ಬಿದ್ದರೆ, ತಟ್ಟೆ ಕೆಟ್ಟರೆ ಅಲ್ಲ. ಎರಡನೇ ಡಿಸ್ಕಿನ ಪಾಸ್‌ವರ್ಡೂ ಹೆಡರೂ ಬೇರೆ, ಇರುವ ಜಾಗವೂ ಬೇರೆ.

ಪ್ರತಿ ಡಿಸ್ಕಿನಲ್ಲೂ ಎರಡು ಸ್ಲಾಟ್. ಒಂದು ದಿನಾ ಬಳಸುವ ಪಾಸ್‌ವರ್ಡ್‌ಗೆ. ಇನ್ನೊಂದು ಕಾಗದದ ಮೇಲೆ ಬರೆದಿಟ್ಟ, ಎಂದೂ ಬದಲಾಯಿಸದ ಉದ್ದದ ಪಾಸ್‌ವರ್ಡ್‌ಗೆ. ಮೊದಲನೆಯದನ್ನು ಬದಲಾಯಿಸಿದ ದಿನ ಬ್ಯಾಕಪ್ ತೆಗೆಯಲು ಮರೆತರೂ ಕಾಗದದ ಪಾಸ್‌ವರ್ಡ್ ಹಳೇ ಹೆಡರನ್ನೂ ತೆರೆಯುತ್ತದೆ. ಅವತ್ತು ಇದೊಂದು ಇದ್ದಿದ್ದರೆ ಆ ನಲವತ್ತೊಂದು ನಿಮಿಷ ಇರುತ್ತಿರಲಿಲ್ಲ.

ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಇದೇ ಮಾತು ಬೇರೆ ರೂಪದಲ್ಲಿ ಅನ್ವಯಿಸುತ್ತದೆ. ವೆರಾಕ್ರಿಪ್ಟ್ ತನ್ನ ಹೆಡರ್‌ನ ಇನ್ನೊಂದು ಪ್ರತಿಯನ್ನು ವಾಲ್ಯೂಮ್‌ನ ಕೊನೆಯಲ್ಲಿ ಇಡುತ್ತದೆ. ನಮಗಾದಂಥ ಅಪಘಾತದಲ್ಲಿ ತಲೆ ಮತ್ತು ಬಾಲ ಎರಡಕ್ಕೂ ಏಟು ಬೀಳುತ್ತದೆ ಅನ್ನುವುದು ನೆನಪಿರಲಿ, ಹೊರಗೊಂದು ಬ್ಯಾಕಪ್ ಅದಕ್ಕೂ ಬೇಕು. ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೊಡುತ್ತದೆ. ಅದನ್ನು ಅದೇ ಕಂಪ್ಯೂಟರ್‌ನಲ್ಲಿ ಸೇವ್ ಮಾಡಿ ಮರೆತುಬಿಡಬೇಡಿ.

ಎನ್‌ಕ್ರಿಪ್ಷನ್ ಡಿಸ್ಕಿನ ಚಿಪ್‌ನಲ್ಲೇ ಇರುವಂಥದ್ದನ್ನು ತಗೊಂಡರೆ ಈ ತಲೆನೋವೇ ಇಲ್ಲ ಅಲ್ವಾ ಎಂದು ಗೆಳತಿ ಕೇಳಿದಳು. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. 2018ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಹಲವು ಎಸ್‌ಎಸ್‌ಡಿಗಳನ್ನು ಪಾಸ್‌ವರ್ಡ್ ಇಲ್ಲದೆ ತೆರೆಯಬಹುದು ಎಂದು ತೋರಿಸಿದರು. ಕೆಲವು ಮಾದರಿಗಳಲ್ಲಿ ಪಾಸ್‌ವರ್ಡ್‌ಗೂ ಡೇಟಾದ ಕೀಗೂ ನಿಜವಾದ ನಂಟೇ ಇರಲಿಲ್ಲ. ಆಗ ಬಿಟ್‌ಲಾಕರ್ ಕೂಡ ಅಂಥ ಚಿಪ್ ಕಂಡರೆ ಕೆಲಸವನ್ನು ಅದಕ್ಕೇ ಬಿಡುತ್ತಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ಆ ಪದ್ಧತಿ ಬದಲಾಯಿಸಿತು. ಇನ್ನೊಂದು ತೊಂದರೆಯೂ ಇದೆ: ಕೆಲವು ಎಕ್ಸ್‌ಟರ್ನಲ್ ಡಿಸ್ಕುಗಳಲ್ಲಿ ಎನ್‌ಕ್ರಿಪ್ಟ್ ಮಾಡುವುದು ಪೆಟ್ಟಿಗೆಯೊಳಗಿನ ಯುಎಸ್‌ಬಿ ಬೋರ್ಡ್. ಆ ಬೋರ್ಡ್ ಸುಟ್ಟರೆ ಡಿಸ್ಕ್ ಚೆನ್ನಾಗಿದ್ದರೂ ಬೇರೆ ಪೆಟ್ಟಿಗೆಗೆ ಹಾಕಿ ಓದಲು ಆಗುವುದಿಲ್ಲ.

ಹಳೆಯದನ್ನು ಏನು ಮಾಡುವುದು

ಇದನ್ನು ಕೊನೆಗೆ ಬಿಟ್ಟಿದ್ದೆವು. ಹಳೇ ಡಿಸ್ಕಿನ ಸ್ಲಾಟ್‌ಗಳನ್ನೆಲ್ಲ ಒಂದು ಕಮಾಂಡ್‌ನಲ್ಲಿ ಅಳಿಸಿದರೆ ಸಾಕು, ಡೇಟಾ ಹೋದ ಹಾಗೇ ಎಂದು ತುಂಬಾ ಕಡೆ ಓದಿರುತ್ತೇವೆ. ಹೆಡರ್‌ನ ಪ್ರತಿ ಬೇರೆಲ್ಲೂ ಇಲ್ಲದಿದ್ದರೆ ಅದು ನಿಜ. ನಮ್ಮಲ್ಲಿ ಪ್ರತಿ ಇತ್ತು. ಹಳೇ ಪೆನ್ ಡ್ರೈವ್ ಸಿಕ್ಕವರಿಗೆ, ಅವತ್ತು ಫೋನಿನಲ್ಲಿ ಕೇಳಿಸಿದ ಆ ಹಳೇ ಪಾಸ್‌ವರ್ಡೂ ಗೊತ್ತಿದ್ದರೆ, ಸ್ಲಾಟ್ ಅಳಿಸಿದ ಡಿಸ್ಕ್ ಕೂಡ ತೆರೆದುಕೊಳ್ಳುತ್ತದೆ. ಅವಳನ್ನು ಕಾಪಾಡಿದ ಗುಣವೇ ಇದು. ಅವಳು ಪಾಸ್‌ವರ್ಡ್ ಬದಲಾಯಿಸಿದ ದಿನದಿಂದ ಈ ಬಾಗಿಲು ತೆರೆದೇ ಇತ್ತು, ಇಬ್ಬರಿಗೂ ಗೊತ್ತಿರಲಿಲ್ಲ. ಡಿಸ್ಕನ್ನು ಬಿಡದೆ ಬಳಸುವವರು ಇದನ್ನು ಮುಚ್ಚಬೇಕಾದರೆ ವಾಲ್ಯೂಮ್ ಕೀಯನ್ನೇ ಬದಲಾಯಿಸಿ ಇಡೀ ಡಿಸ್ಕನ್ನು ಮರು ಎನ್‌ಕ್ರಿಪ್ಟ್ ಮಾಡಬೇಕು. ಕ್ರಿಪ್ಟ್‌ಸೆಟಪ್‌ನಲ್ಲಿ ಅದಕ್ಕೂ ಕಮಾಂಡ್ ಇದೆ, ಗಂಟೆಗಟ್ಟಲೆ ಹಿಡಿಯುತ್ತದೆ.

ನಾವು ಹಳೇ ಡಿಸ್ಕಿನ ಮೇಲೆ ಮೊದಲಿನಿಂದ ಕೊನೆತನಕ ರ‍್ಯಾಂಡಮ್ ಬೈಟ್ ಬರೆದೆವು. ನನ್ನ ಹತ್ತಿರ ಇದ್ದ ನಕಲನ್ನೂ ಹಾಗೇ ಮಾಡಿದೆ. ಪೆನ್ ಡ್ರೈವ್‌ಗೆ ಅದು ಸಾಲದು. ಫ್ಲ್ಯಾಶ್ ಮೆಮೊರಿ ಬರೆಯುವ ಜಾಗವನ್ನು ತಾನೇ ಬದಲಾಯಿಸುತ್ತಿರುತ್ತದೆ, ಮೇಲೆ ಬರೆದರೂ ಹಳೆಯದು ಒಳಗೆ ಉಳಿಯಬಹುದು. ಅದನ್ನು ಬಿಚ್ಚಿ ಒಳಗಿನ ಚಿಪ್ಪನ್ನು ಸುತ್ತಿಗೆಯಲ್ಲಿ ಪುಡಿ ಮಾಡಿದೆವು.

ಹೊಸ ಲಕೋಟೆಯ ಮೇಲೆ ಹೆಡರ್ ತೆಗೆದ ತಾರೀಖಿದೆ. ಒಳಗಿನ ಕಾಗದದಲ್ಲಿ ಪದಗಳನ್ನು ಗೆಳತಿ ಚೌಕಗಳಲ್ಲಿ ಬರೆದಿದ್ದಾಳೆ, ಚೌಕಕ್ಕೆ ಒಂದೇ ಅಕ್ಷರ. ‘ತ’ ಬರುವ ಕಡೆ ‘ಎಚ್’ ಇದೆಯೋ ಇಲ್ಲವೋ ಎಂದು ಈಗ ಯಾರೂ ಊಹಿಸಬೇಕಾಗಿಲ್ಲ.